ಬದಿಯಡ್ಕದ ಹತ್ತಿರದ ವರ್ಕ್‌ಶಾಪ್, ನನ್ನ ಬೆಲ್ಟಿನ ಕಾರು, ತಮ್ಮನ ಚೈನಿನ ಕಾರು

ಎಂಜಿನ್ನಿನ ಒಳಗಿನ ಭಾಗಗಳನ್ನು ಒಂದೇ ತಾಳಕ್ಕೆ ತಿರುಗಿಸಲಿಕ್ಕೆ ಕೆಲವು ಕಾರಲ್ಲಿ ರಬ್ಬರಿನ ಟೈಮಿಂಗ್ ಬೆಲ್ಟ್ ಇರುತ್ತದೆ, ಕೆಲವದರಲ್ಲಿ ಲೋಹದ ಚೈನ್. ಬೆಲ್ಟಿನ ಕಾರು ಬೇಡ, ಚೈನ್ ಇರುವುದೇ ತಗೊಳ್ಳಿ ಅಂತ ಹೇಳುವವರು ನಮ್ಮ ಕಾಸರಗೋಡು ಕಡೆ ಜಾಸ್ತಿ. ನಮ್ಮ ಮನೆಯಲ್ಲಿ ಎರಡೂ ಉಂಟು. ಎರಡಕ್ಕೂ ಬದಿಯಡ್ಕದ ಹತ್ತಿರದ ಒಂದು ಚಿಕ್ಕ ವರ್ಕ್‌ಶಾಪಿನಲ್ಲೇ ಕೆಲಸ ಮಾಡಿಸಿದ್ದೇನೆ.

ನನ್ನದು ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು. ತಗೊಳ್ಳುವಾಗ 78,000 ಕಿಲೋಮೀಟರ್ ಓಡಿತ್ತು. ಬೆಲ್ಟ್ ಹೊಸತು ಹಾಕಿದೆ ಅಂತ ಮಾರಿದವರು ಬಾಯಿಮಾತಲ್ಲಿ ಹೇಳಿದ್ದರು, ಬಿಲ್ ಇರಲಿಲ್ಲ, ನಾನು ನಂಬಿದೆ. ಆಟಿಯ ಮಳೆಯಲ್ಲಿ ಒಂದು ಸಂಜೆ ಪೆರ್ಲ ದಾಟಿ ಅಡ್ಕಸ್ಥಳದ ಕಡೆ ಹೋಗುವಾಗ ಎಂಜಿನ್ ಗಪ್ಪನೆ ನಿಂತಿತು. ಮುಂಚೆ ಒಂದು ಸದ್ದಿಲ್ಲ, ಲೈಟ್ ಇಲ್ಲ. ಕೀ ತಿರುಗಿಸಿದರೆ ಸ್ಟಾರ್ಟರ್ ಗಿರ್ರನೆ ತಿರುಗುತ್ತದೆ, ದಿನಕ್ಕಿಂತ ಹಗುರ, ಹಿಡಿತವೇ ಇಲ್ಲದ ಹಾಗೆ. ಈ ಸದ್ದು ಕೇಳಿದರೆ ದಯವಿಟ್ಟು ಮತ್ತೆ ಕೀ ಮುಟ್ಟಬೇಡಿ, ಗಾಡಿ ಎಳೆಸಿಕೊಂಡು ಹೋಗಿ.

ಪಿಸ್ಟನ್‌ಗಳಿಗೆ ಜೋಡಿಸಿದ ಕ್ರ್ಯಾಂಕ್ ಎರಡು ಸುತ್ತು ಹೋದರೆ, ವಾಲ್ವ್‌ಗಳನ್ನು ತೆರೆಯುವ ಕ್ಯಾಮ್ ಒಂದು ಸುತ್ತು. ಆ ಲೆಕ್ಕ ತಪ್ಪದ ಹಾಗೆ ನೋಡಿಕೊಳ್ಳುವುದೇ ಬೆಲ್ಟಿನ ಕೆಲಸ, ಚೈನಿನದ್ದೂ ಅದೇ. ಲೆಕ್ಕ ತಪ್ಪಿದರೆ ಎಷ್ಟೋ ಎಂಜಿನ್‌ಗಳಲ್ಲಿ ತೆರೆದ ವಾಲ್ವಿಗೆ ಪಿಸ್ಟನ್ ಬಂದು ಗುದ್ದುತ್ತದೆ. ವರ್ಕ್‌ಶಾಪಿನವರು ನನ್ನ ಕಾರಿನ ಹೆಡ್, ಅಂದರೆ ವಾಲ್ವ್‌ಗಳಿರುವ ಎಂಜಿನ್ನಿನ ಮೇಲ್ಭಾಗ, ಬಿಚ್ಚಿ ತೋರಿಸಿದರು. ಪಿಸ್ಟನ್ನಿನ ತಲೆ ಮೇಲೆ ಉಗುರು ಒತ್ತಿದ ಹಾಗೆ ಅರ್ಧಚಂದ್ರದ ಗುರುತು. ಆರು ವಾಲ್ವ್ ಬಗ್ಗಿದ್ದವು. 23,000 ರೂಪಾಯಿ ಹೋಯಿತು. ಮೊದಲೇ ಬೆಲ್ಟ್ ಬದಲಾಯಿಸಿದ್ದರೆ ಏಳು ಸಾವಿರದೊಳಗೆ ಮುಗಿಯುತ್ತಿತ್ತು.

ಈ ವರ್ಕ್‌ಶಾಪ್ ನನಗೆ ಇಷ್ಟ ಆದದ್ದು ಆವಾಗಲೇ. "ಮಾಷ್ಟ್ರೇ, ಬೆಲ್ಟ್ ಒಂದೇ ಹಾಕಿ ಪ್ರಯೋಜನ ಇಲ್ಲ, ಟೆನ್ಷನರ್ ಬೇರಿಂಗ್ ಹಿಡಿದ್ರೆ ಹೊಸ ಬೆಲ್ಟೂ ಹೋಗ್ತದೆ" ಅಂದರು ಮೆಕ್ಯಾನಿಕ್. ಬೆಲ್ಟನ್ನು ಬಿಗಿಯಾಗಿ ಹಿಡಿಯುವುದೇ ಟೆನ್ಷನರ್. ವಾಟರ್ ಪಂಪ್ ಕೂಡ ಅದೇ ಬೆಲ್ಟಲ್ಲಿ ತಿರುಗುವುದರಿಂದ ಅದನ್ನೂ ಬದಲಾಯಿಸಿದರು. ಕ್ಯಾಮಿನ ಸೀಲ್‌ನಿಂದ ಆಯಿಲ್ ಒಸರಿ ಹಳೇ ಬೆಲ್ಟಿನ ರಬ್ಬರ್ ಮೆತ್ತಗಾಗಿತ್ತು, ಬೆರಳಿಗೆ ಕಪ್ಪು ಅಂಟುತ್ತಿತ್ತು, ಆ ಸೀಲೂ ಹೊಸತು. ಕ್ರ್ಯಾಂಕ್, ಕ್ಯಾಮಿನ ಮೇಲಿರುವ ಗುರುತುಗಳನ್ನು ಸರಿಯಾಗಿ ಕೂರಿಸಿದ ಮೇಲೆ ಸ್ಪ್ಯಾನರ್ ಹಾಕಿ ಕ್ರ್ಯಾಂಕನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ, ಮತ್ತೆ ಗುರುತು ನೋಡಿ, ಆಮೇಲೆಯೇ ಸ್ಟಾರ್ಟ್ ಮಾಡಿದ್ದು. ಕವರಿನ ಮೇಲೆ ಮಾರ್ಕರಿನಲ್ಲಿ ತಾರೀಕು, ಕಿಲೋಮೀಟರ್ ಬರೆದು ಕೊಟ್ಟರು.

ತಾರೀಕು ಯಾಕೆ ಅಂದರೆ, ರಬ್ಬರಿಗೆ ವಯಸ್ಸೂ ಆಗುತ್ತದೆ. ಬೆಲ್ಟ್ ಬದಲಾಯಿಸಲಿಕ್ಕೆ ಕಂಪನಿಯ ಪುಸ್ತಕದಲ್ಲಿ ಒಂದು ಕಾರಿಗೆ 60,000 ಕಿಲೋಮೀಟರ್ ಅಂತ ಇದ್ದರೆ ಇನ್ನೊಂದಕ್ಕೆ 1,00,000 ಇರುತ್ತದೆ, ಜೊತೆಗೆ ಇಷ್ಟು ವರ್ಷ ಅಂತಲೂ ಇರುತ್ತದೆ. ಶಾಲೆಗೆ, ಪೇಟೆಗೆ ಅಂತ ವರ್ಷಕ್ಕೆ ಆರು ಸಾವಿರ ಓಡಿಸುವ ನನ್ನಂಥವರಿಗೆ ಕಿಲೋಮೀಟರ್ ಆಗುವ ಮೊದಲೇ ವರ್ಷ ಆಗಿಬಿಡುತ್ತದೆ.

ಇನ್ನು ತಮ್ಮನ ಕಾರು. "ಚೈನ್ ಅಲ್ವಾ, ಲೈಫ್‌ಟೈಮ್" ಅಂತ ಅವನು ಧೈರ್ಯವಾಗಿದ್ದ. 10,000 ಕಿಲೋಮೀಟರಿಗೆ ಬದಲಾಯಿಸಬೇಕಾದ ಎಂಜಿನ್ ಆಯಿಲನ್ನು 18,000ದ ತನಕ ಎಳೆದ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಎರಡು ಸೆಕೆಂಡ್ ಕರಕರ, ಆಮೇಲೆ ಸುಮ್ಮನೆ. ಮೆಕ್ಯಾನಿಕ್ ಉದ್ದ ಸ್ಕ್ರೂಡ್ರೈವರನ್ನು ಚೈನ್ ಕವರಿಗೆ ಒತ್ತಿ, ಹಿಡಿಕೆಗೆ ಕಿವಿ ಕೊಟ್ಟು ಕೇಳಿದರು. ಅವರು ಹೇಳಿದ್ದು ಇಷ್ಟು: ಚೈನ್ ಬದುಕುವುದು ಎಂಜಿನ್ ಆಯಿಲಲ್ಲೇ, ಈ ಎಂಜಿನ್ನಿನಲ್ಲಿ ಟೆನ್ಷನರ್ ಚೈನನ್ನು ಒತ್ತುವುದೂ ಆಯಿಲ್ ಪ್ರೆಶರಿನಿಂದಲೇ. ಆಯಿಲ್ ಕೆಟ್ಟರೆ ಪಿನ್ನುಗಳು ಸವೆದು ಚೈನ್ ಉದ್ದ ಆಗುತ್ತದೆ. ಕವರ್, ಸಂಪ್ (ಕೆಳಗಿನ ಆಯಿಲ್ ತಟ್ಟೆ) ಎಲ್ಲ ಬಿಚ್ಚಿ ಹೊಸ ಚೈನ್, ಅದು ಜಾರುವ ಗೈಡ್, ಟೆನ್ಷನರ್ ಹಾಕಿದಾಗ 16,500 ರೂಪಾಯಿ ಆಯಿತು, ಮೂರು ದಿನ ಹಿಡಿಯಿತು. ಆದರೂ ಚೈನ್ ತಿಂಗಳುಗಟ್ಟಲೆ ಕೂಗಿ ಹೇಳಿತ್ತು, ನನ್ನ ಬೆಲ್ಟ್ ಹೇಳಲಿಲ್ಲ. ಆ ಒಂದು ವಿಷಯಕ್ಕೆ ಚೈನ್ ಮೇಲು ಅಂತ ನಾನೂ ಒಪ್ಪುತ್ತೇನೆ.

ಹಳೇ ಮಾರುತಿ 800, ಸ್ಯಾಂಟ್ರೋ ಬೆಲ್ಟಿನವು. ಮಾರುತಿಯ ಕೆ ಸೀರೀಸ್, ಹ್ಯುಂಡೈನ 1.2 ಕಪ್ಪಾ ಚೈನಿನವು. ಫೋರ್ಡ್ ಇಕೋಸ್ಪೋರ್ಟ್‌ನ 1.0 ಇಕೋಬೂಸ್ಟ್ ಮಾತ್ರ ಬೇರೆ: ಬೆಲ್ಟೇ, ಆದರೆ ಆಯಿಲ್ ಒಳಗೆ ಓಡುತ್ತದೆ. ಅದಕ್ಕೆ ಕಂಪನಿ ಹೇಳಿದ ಆಯಿಲನ್ನೇ ಹಾಕಬೇಕು. ಬೇರೆ ಹಾಕಿದರೆ ರಬ್ಬರ್ ಉದುರಿ ಆಯಿಲ್ ಪಂಪಿನ ಜಾಲರಿ ಕಟ್ಟಿಕೊಳ್ಳಬಹುದು.

ವರ್ಕ್‌ಶಾಪಿನ ಕೊರತೆಯನ್ನೂ ಹೇಳುತ್ತೇನೆ. ಬೆಲ್ಟ್, ಟೆನ್ಷನರ್ ಇರುವ ಕಿಟ್ ಮಂಗಳೂರಿನಿಂದ ಬಸ್ಸಿನಲ್ಲಿ ಬರಬೇಕು, ಅದಕ್ಕೇ ಒಂದು ದಿನ ಹೋಗುತ್ತದೆ. ಫೋನ್ ಎತ್ತುವುದು ಕಷ್ಟ. ಮಳೆಗಾಲದಲ್ಲಿ ಶೆಡ್ಡಿನೊಳಗೆ ಎರಡೇ ಗಾಡಿಗೆ ಜಾಗ, ಹಾಗಾಗಿ ಬೆಲ್ಟಿನ ಕೆಲಸ ಇದ್ದರೆ ಮೇ ತಿಂಗಳೊಳಗೆ ಹೋಗುವುದು ಒಳ್ಳೆಯದು. ಹೋಗುವಾಗ ಸರ್ವಿಸ್ ಪುಸ್ತಕ ಇದ್ದರೆ ತಗೊಂಡು ಹೋಗಿ. ಬಾನೆಟ್ ಎತ್ತುವ ಮೊದಲು ಅವರು ಕೇಳುವುದು ಅದನ್ನೇ.