ಧೂಮಕೇತುವಿನ ಬಾಲಕ್ಕೆ ಒಪ್ಪುವ ಲೆನ್ಸ್: ಸ್ಯಾಮ್ಯಾಂಗ್ 135 ಮಿ.ಮೀ. ಎಫ್/2

ಧೂಮಕೇತುವಿನ ಚಿತ್ರ ತೆಗೆಯಲು ಯಾವ ದೂರದರ್ಶಕ ಕೊಳ್ಳಬೇಕು ಎಂದು ಕೇಳುವವರಿಗೆ, ದೂರದರ್ಶಕಕ್ಕಿಂತ ಮೊದಲು ಸ್ಯಾಮ್ಯಾಂಗ್ ಕಂಪನಿಯ 135 ಮಿಲಿಮೀಟರ್ ಎಫ್/2 ಲೆನ್ಸನ್ನು ನೋಡಿ ಎಂದು ನಾನು ಹೇಳುತ್ತೇನೆ. 2024ರ ಬೇಸಿಗೆಯಲ್ಲಿ ಪರಿಚಿತರೊಬ್ಬರು ಬಳಸಿದ್ದ ಲೆನ್ಸನ್ನು 27 ಸಾವಿರ ರೂಪಾಯಿಗೆ ಕೊಂಡೆ. ಅದೇ ವರ್ಷ ಬಂದ ತ್ಸುಚಿನ್‌ಶಾನ್–ಅಟ್ಲಾಸ್ ಮತ್ತು 2025ರ ಅಕ್ಟೋಬರಿನಲ್ಲಿ ಕಂಡ ಲೆಮನ್, ಈ ಎರಡು ಧೂಮಕೇತುಗಳನ್ನೂ ಇದರಲ್ಲಿಯೇ ಸೆರೆಹಿಡಿದಿದ್ದೇನೆ. ನನ್ನದು 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ ಕ್ಯಾಮರಾ, ಅಂದರೆ ಫುಲ್‌ಫ್ರೇಮ್‌ಗಿಂತ ಚಿಕ್ಕ ಸಂವೇದಕವಿರುವ ಕ್ಯಾಮರಾ.

ಈ ಕ್ಯಾಮರಾದಲ್ಲಿ 135 ಮಿ.ಮೀ. ಲೆನ್ಸ್ ಆಕಾಶದ ಸುಮಾರು 10 ಡಿಗ್ರಿ ಅಗಲ, ಆರೂವರೆ ಡಿಗ್ರಿ ಎತ್ತರದ ಭಾಗವನ್ನು ತೋರಿಸುತ್ತದೆ. ಹುಣ್ಣಿಮೆಯ ಚಂದ್ರನ ಅಗಲ ಅರ್ಧ ಡಿಗ್ರಿ. ಅಂದರೆ ಇಪ್ಪತ್ತು ಚಂದ್ರರು ಸಾಲಾಗಿ ನಿಲ್ಲುವಷ್ಟು ಜಾಗ. ಸಾಮಾನ್ಯ ದೂರದರ್ಶಕದಲ್ಲಿ ಧೂಮಕೇತುವಿನ ತಲೆ ಮಾತ್ರ ಸಿಗುತ್ತದೆ, ಕ್ಯಾಮರಾದ ಜೊತೆಗೆ ಬರುವ 18–55 ಲೆನ್ಸಿನಲ್ಲಿ ಅದು ಗೀಚಿದ ಗೆರೆಯಂತೆ ಚಿಕ್ಕದಾಗುತ್ತದೆ. ತಲೆಯ ವಿವರವೂ ಉಳಿದು ಬಾಲವೂ ಚೌಕಟ್ಟಿನೊಳಗೆ ಹಿಡಿಸಬೇಕೆಂದರೆ ಈ ನಾಭಿದೂರವೇ ಹದ. ಇದಕ್ಕಿಂತ ಮುಖ್ಯವಾದದ್ದು ಎಫ್/2, ಅಂದರೆ ಲೆನ್ಸಿನ ಬೆಳಕಿನ ದ್ವಾರದ ಅಳತೆ. ಈ ಸಂಖ್ಯೆ ಚಿಕ್ಕದಾದಷ್ಟೂ ದ್ವಾರ ದೊಡ್ಡದು. ಎಫ್/5.6 ತೆರೆಯುವ ಜೂಮ್ ಲೆನ್ಸಿಗೆ ಹೋಲಿಸಿದರೆ ಸಂವೇದಕದ ಮೇಲೆ ಸುಮಾರು ಎಂಟು ಪಟ್ಟು ಬೆಳಕು ಬೀಳುತ್ತದೆ. ಪ್ರಖರವಾದ ಧೂಮಕೇತುಗಳು ಸಾಮಾನ್ಯವಾಗಿ ಸೂರ್ಯನ ಸಮೀಪದಲ್ಲಿರುವಾಗಲೇ ಕಾಣಿಸುವುದರಿಂದ, ದಿಗಂತದ ಮಬ್ಬಿನಿಂದ ಮೇಲೇರಿದ ಮೇಲೆ ಅರುಣೋದಯದ ಬೆಳಕು ಅವನ್ನು ನುಂಗುವ ಮೊದಲು ನಮಗೆ ಸಿಗುವುದು ಕೆಲವೇ ನಿಮಿಷ. ಆ ಹೊತ್ತಿನಲ್ಲಿ ಎಂಟು ಪಟ್ಟು ಬೆಳಕು ಸಣ್ಣ ಮಾತಲ್ಲ.

ತ್ಸುಚಿನ್‌ಶಾನ್–ಅಟ್ಲಾಸ್ 2024ರ ಸೆಪ್ಟೆಂಬರ್ 27ರಂದು ಸೂರ್ಯನಿಂದ ಸುಮಾರು 5.8 ಕೋಟಿ ಕಿಲೋಮೀಟರ್ ದೂರದಲ್ಲಿ ಹಾದುಹೋಯಿತು. ಮೂರು ದಿನ ಕಳೆದು, ಬೆಳಗಿನ ಜಾವ ಐದೂಕಾಲಕ್ಕೆ ನಮ್ಮ ಮನೆಯ ತಾರಸಿಯಿಂದ ಪೂರ್ವಕ್ಕೆ ನೋಡಿದಾಗ ಬರಿಗಣ್ಣಿಗೆ ಏನೂ ಖಚಿತವಾಗಲಿಲ್ಲ. ಟ್ರೈಪಾಡಿನ ಮೇಲೆ ಈ ಲೆನ್ಸ್ ಇಟ್ಟು, ಎಫ್/2, ಐಎಸ್‌ಒ 800ರಲ್ಲಿ ಒಂದು ಸೆಕೆಂಡ್ ಎಕ್ಸ್‌ಪೋಷರ್ ಕೊಟ್ಟೆ. ಕ್ಯಾಮರಾದ ಪರದೆಯಲ್ಲಿ ಎದುರು ಮನೆಯ ನೀರಿನ ತೊಟ್ಟಿಯ ಮೇಲ್ಗಡೆ, ನೇರಳೆಯಿಂದ ಕಿತ್ತಳೆಗೆ ತಿರುಗುತ್ತಿದ್ದ ಆಕಾಶದಲ್ಲಿ, ಮೇಲ್ಮುಖವಾಗಿ ಹರಡಿದ ಬಾಲ ಸ್ಪಷ್ಟವಾಗಿ ಮೂಡಿತ್ತು. 2020ರ ಜುಲೈಯಲ್ಲಿ ನಿಯೋವೈಸ್ ಧೂಮಕೇತುವನ್ನು ಮಳೆಗಾಲದ ಮೋಡದಿಂದಾಗಿ ಒಂದು ದಿನವೂ ಕಾಣದೆ ಕಳೆದುಕೊಂಡಿದ್ದ ನನಗೆ ಆ ಬೆಳಗು ಎಷ್ಟು ದೊಡ್ಡದೆಂದು ಹೇಳುವುದು ಕಷ್ಟ.

ಒಂದೇ ಸೆಕೆಂಡ್ ಏಕೆಂದರೆ, ಭೂಮಿಯ ತಿರುಗುವಿಕೆಯಿಂದ ಖಗೋಳ ಸಮಭಾಜಕದ ಬಳಿಯ ನಕ್ಷತ್ರ ಸೆಕೆಂಡಿಗೆ 15 ಆರ್ಕ್ ಸೆಕೆಂಡ್ (ಒಂದು ಆರ್ಕ್ ಸೆಕೆಂಡ್ ಎಂದರೆ ಡಿಗ್ರಿಯ 3600ರಲ್ಲಿ ಒಂದು ಭಾಗ) ಸರಿಯುತ್ತದೆ. ಈ ಲೆನ್ಸ್ ಮತ್ತು ನನ್ನ ಕ್ಯಾಮರಾದ ಜೋಡಿಯಲ್ಲಿ ಒಂದು ಪಿಕ್ಸೆಲ್ ಅಂದರೆ ಸುಮಾರು 6 ಆರ್ಕ್ ಸೆಕೆಂಡ್. ಹಾಗಾಗಿ ಒಂದು ಸೆಕೆಂಡಿಗೇ ಎರಡೂವರೆ ಪಿಕ್ಸೆಲ್ ಎಳೆತ ಕಾಣುತ್ತದೆ. ಮೂರು ಸೆಕೆಂಡ್ ಕೊಟ್ಟರೆ ನಕ್ಷತ್ರಗಳು ಅಕ್ಕಿಕಾಳಿನಂತೆ ಉದ್ದವಾಗುತ್ತವೆ.

ಈ ಲೆನ್ಸಿನೊಡನೆ ನಿಜವಾಗಿ ಕಲಿಯಬೇಕಾದದ್ದು ಫೋಕಸ್. ಇದರಲ್ಲಿ ಆಟೊಫೋಕಸ್ ಇಲ್ಲ, ಎಲ್ಲವೂ ಕೈಯಿಂದಲೇ. ಉಂಗುರ ನುಣುಪಾಗಿ, ಬಿಗುವಾಗಿ ತಿರುಗುತ್ತದೆ. ಅದರ ಚಲನೆ ಉದ್ದವಾಗಿರುವುದರಿಂದ ಕೂದಲೆಳೆಯಷ್ಟು ಹೊಂದಿಸಲು ಸಾಧ್ಯ. ಆದರೆ ಅನಂತದ ಗುರುತನ್ನು ನಂಬಬಾರದು, ಉಂಗುರ ಅದನ್ನೂ ದಾಟಿ ಸ್ವಲ್ಪ ಮುಂದೆ ಹೋಗುತ್ತದೆ. ಪ್ರಕಾಶಮಾನವಾದ ನಕ್ಷತ್ರವೊಂದನ್ನು ಪರದೆಯಲ್ಲಿ ಹತ್ತು ಪಟ್ಟು ಹಿಗ್ಗಿಸಿ, ಅದು ಅತಿ ಚಿಕ್ಕ ಚುಕ್ಕೆಯಾಗುವವರೆಗೆ ತಿರುಗಿಸಿ, ಅಲ್ಲಿಯೇ ಅಂಟುಪಟ್ಟಿ ಹಾಕಿ ಬಿಗಿಯಬೇಕು. 2024ರ ಅಕ್ಟೋಬರ್ ಮಧ್ಯದಲ್ಲಿ ತ್ಸುಚಿನ್‌ಶಾನ್–ಅಟ್ಲಾಸ್ ಸಂಜೆಯ ಪಶ್ಚಿಮಕ್ಕೆ ಬಂದಾಗ, ಚಿತ್ರದುರ್ಗದ ಬಳಿಯ ಒಂದು ಬಯಲಿನಲ್ಲಿ ಅಂಟುಪಟ್ಟಿ ಹಾಕದೆ ಲೆನ್ಸಿನ ಹುಡ್ ಜೋಡಿಸಿದೆ. ಬೆರಳು ತಾಗಿ ಉಂಗುರ ಜರುಗಿದ್ದು ಆಗ ತಿಳಿಯಲಿಲ್ಲ. ಮೋಡಗಳ ನಡುವೆ ಸಿಕ್ಕಿದ್ದ ಹದಿನೆಂಟು ನಿಮಿಷಗಳ ಚಿತ್ರಗಳಲ್ಲಿ ಪ್ರತಿ ನಕ್ಷತ್ರವೂ ಸಣ್ಣ ಬಳೆಯಂತಾಗಿತ್ತು. ಮರುದಿನದಿಂದ ಮಳೆ.

ಎಫ್/2ರಲ್ಲಿಯೇ ಮಧ್ಯಭಾಗದ ನಕ್ಷತ್ರಗಳು ಚೂಪಾಗಿವೆ, ಎಪಿಎಸ್-ಸಿಯ ಮೂಲೆಗಳಲ್ಲಿಯೂ ದೂರುವಂಥದ್ದೇನಿಲ್ಲ. ಎಫ್/2.8ಕ್ಕೆ ಇಳಿಸಿದರೆ ಅಂಚು ಇನ್ನಷ್ಟು ಶುಚಿಯಾಗುತ್ತದೆ, ಆದರೆ ಬೆಳಕಿನ ದ್ವಾರವನ್ನು ಕಿರಿದಾಗಿಸುವ ಒಳಗಿನ ಒಂಬತ್ತು ಅಲಗುಗಳ ಕಾರಣ ಪ್ರತಿ ಪ್ರಕಾಶಮಾನ ನಕ್ಷತ್ರದ ಸುತ್ತ ಹದಿನೆಂಟು ಕಿರಣಗಳು ಏಳುತ್ತವೆ. ಕೆಲವರಿಗೆ ಅದು ಇಷ್ಟ. ಧೂಮಕೇತುವಿನ ಮೃದುವಾದ ಮಂಜಿನ ಪಕ್ಕದಲ್ಲಿ ಆ ಮುಳ್ಳುಗಳು ನನಗೆ ಒಪ್ಪುವುದಿಲ್ಲ, ಆದ್ದರಿಂದ ಎಫ್/2 ಬಿಟ್ಟು ಇಳಿಯುವುದು ಅಪರೂಪ.

ಬಣ್ಣದ ಅಂಚುಗಳನ್ನು ಈ ಲೆನ್ಸ್ ಎಷ್ಟು ಚೆನ್ನಾಗಿ ತಡೆಯುತ್ತದೆ ಎಂಬುದು ಲೆಮನ್ ಬಂದಾಗ ಅರ್ಥವಾಯಿತು. ತ್ಸುಚಿನ್‌ಶಾನ್–ಅಟ್ಲಾಸಿನದು ಮುಖ್ಯವಾಗಿ ಸೂರ್ಯನ ಬೆಳಕನ್ನು ಚದುರಿಸುವ ಧೂಳಿನ ಬಾಲ, ಹಳದಿ ಮಿಶ್ರಿತ ಬಿಳುಪು. ಲೆಮನ್‌ನ ತಲೆಯಾದರೋ ಇಂಗಾಲದ ಜೋಡಿ ಪರಮಾಣುಗಳ ಅಣುವಿನಿಂದಾಗಿ ಹಸಿರಾಗಿ ಹೊಳೆಯುತ್ತಿತ್ತು. ಅದರ ಅಯಾನು ಬಾಲ (ವಿದ್ಯುದಾವೇಶ ಹೊತ್ತ ಅನಿಲದ ಬಾಲ) ತೆಳುನೀಲಿ, ಗಂಟುಗಂಟಾಗಿ ತಿರುಚಿಕೊಂಡದ್ದು. ಹಳೆಯ ಅಗ್ಗದ ಟೆಲಿಫೋಟೊ ಲೆನ್ಸುಗಳು ಪ್ರಕಾಶಮಾನ ನಕ್ಷತ್ರದ ಸುತ್ತ ಚೆಲ್ಲುವ ನೇರಳೆ ಬಣ್ಣ ಇಂಥ ಬಾಲವನ್ನು ಮಸುಕುಗೊಳಿಸುತ್ತದೆ. ದೀಪಾವಳಿ ಕಳೆದು ಮೂರ್ನಾಲ್ಕು ದಿನಕ್ಕೆ ಸಿಕ್ಕ ತೆರಪಿನಲ್ಲಿ ನಾನು ತೆಗೆದ 30 ಸೆಕೆಂಡಿನ ನಲವತ್ತು ಚಿತ್ರಗಳಲ್ಲಿ ಹಸಿರು ಹಸಿರಾಗಿಯೇ, ನೀಲಿ ನೀಲಿಯಾಗಿಯೇ ಉಳಿದಿದೆ.

ಮೂವತ್ತು ಸೆಕೆಂಡಿಗೆ ಟ್ರ್ಯಾಕರ್, ಅಂದರೆ ಭೂಮಿಯ ತಿರುಗುವಿಕೆಯನ್ನು ಸರಿದೂಗಿಸುತ್ತ ಕ್ಯಾಮರಾವನ್ನು ನಕ್ಷತ್ರಗಳ ಜೊತೆಗೇ ತಿರುಗಿಸುವ ಸಾಧನ, ಬೇಕೇಬೇಕು. ಟ್ರ್ಯಾಕರನ್ನು ಧ್ರುವ ನಕ್ಷತ್ರಕ್ಕೆ ಹೊಂದಿಸುವುದು ನಮ್ಮ ನಾಡಿನಲ್ಲಿ ತುಸು ತ್ರಾಸದ ಕೆಲಸ. ಚಿತ್ರದುರ್ಗದ ಅಕ್ಷಾಂಶ ಸುಮಾರು 14 ಡಿಗ್ರಿ, ಧ್ರುವವೂ ದಿಗಂತದಿಂದ ಹೆಚ್ಚುಕಡಿಮೆ ಅಷ್ಟೇ ಎತ್ತರ. ಒಂದು ತೆಂಗಿನಮರ ಸಾಕು, ಅದು ಮರೆಯಾಗಲು. ಉತ್ತರ ತೆರೆದಿರುವ ಜಾಗವನ್ನು ಹಗಲಿನಲ್ಲಿಯೇ ನೋಡಿಕೊಂಡಿರಬೇಕು. ಚಿತ್ರಗಳನ್ನು ಒಟ್ಟುಗೂಡಿಸುವಾಗಲೂ, ಧೂಮಕೇತು ನಕ್ಷತ್ರಗಳ ನಡುವೆ ತಾನೇ ಸರಿಯುತ್ತಿರುವುದರಿಂದ, ಅದರ ತಲೆಗೊಮ್ಮೆ, ನಕ್ಷತ್ರಗಳಿಗೊಮ್ಮೆ ಬೇರೆ ಬೇರೆಯಾಗಿ ಜೋಡಿಸಬೇಕು. ಉಚಿತವಾಗಿ ಸಿಗುವ ಡೀಪ್‌ಸ್ಕೈಸ್ಟ್ಯಾಕರ್ ತಂತ್ರಾಂಶದಲ್ಲಿ ಇದಕ್ಕೆಂದೇ ಆಯ್ಕೆಯಿದೆ.

ಕೊರತೆಗಳೂ ಇವೆ. ಎಂಟು ನೂರು ಗ್ರಾಂ ದಾಟುವ ತೂಕಕ್ಕೆ ತಕ್ಕಂತೆ ಟ್ರೈಪಾಡಿಗೆ ಸಿಕ್ಕಿಸುವ ಪಟ್ಟಿಯನ್ನು ಕೊಟ್ಟಿಲ್ಲ, ಭಾರವೆಲ್ಲ ಕ್ಯಾಮರಾದ ಮೌಂಟ್ ಮೇಲೆಯೇ ಬೀಳುತ್ತದೆ. ನೀರು, ಧೂಳಿನಿಂದ ರಕ್ಷಣೆಯಿಲ್ಲ. ಕೈಯಲ್ಲಿ ಹಿಡಿದು ಮದುವೆಯ ಫೋಟೊ ತೆಗೆಯುವ ಆಲೋಚನೆಯಿದ್ದರೆ ಬೇರೆ ಲೆನ್ಸ್ ನೋಡಿ. ಆಕಾಶಕ್ಕೆಂದೇ ಕೊಳ್ಳುವವರು ಹಳೆಯದಾದರೂ ಧೈರ್ಯವಾಗಿ ಕೊಳ್ಳಬಹುದು, ಆದರೆ ಹಣ ಕೊಡುವ ಮೊದಲು ಒಂದು ರಾತ್ರಿ ಕೇಳಿ ಪಡೆದು, ಎಫ್/2ರಲ್ಲಿ ಒಂದು ನಕ್ಷತ್ರವನ್ನು ಚೌಕಟ್ಟಿನ ನಾಲ್ಕು ಮೂಲೆಗಳಲ್ಲಿಯೂ ಇಟ್ಟು ನೋಡಿ. ಒಂದು ಮೂಲೆಯಲ್ಲಿ ಮಾತ್ರ ಅದು ಹಕ್ಕಿಯ ರೆಕ್ಕೆಯಂತೆ ಹರಡಿದರೆ ಒಳಗಿನ ಗಾಜು ಓರೆಯಾಗಿದೆ ಎಂದರ್ಥ. ಅಂಥ ಲೆನ್ಸನ್ನು ಮರಳಿಸಿಬಿಡಿ.