ಗ್ರಬ್ ಮೆನು ಕಾಟ: ಮೂರು ದಾರಿ ಹಿಡಿದು ನೋಡಿದೆ

ಶಿರಸಿಯ ಮನೆಯಲ್ಲಿ ಅಪ್ಪಯ್ಯ ಅಡಿಕೆ ಲೆಕ್ಕ ಬರೆಯುವುದು ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ. ಬ್ಯಾಟರಿ ಸತ್ತಿದೆ, ಅಪ್ಪಯ್ಯನಿಗೆ ಬೇಕಾದ ವಿಂಡೋಸ್ ಜೊತೆಗೆ ನನ್ನ ಉಬುಂಟು (ಲಿನಕ್ಸ್‌ನ ಒಂದು ಬಗೆ) ಇದೆ. ಆನ್ ಮಾಡಿದರೆ ಯಾವುದು ಬೇಕೆಂದು ಕೇಳುವ ಗ್ರಬ್ ಮೆನು (ಗ್ರಬ್ ಎಂದರೆ ಉಬುಂಟು ಜೊತೆ ಬರುವ, ಸಿಸ್ಟಮ್ ಶುರುಮಾಡುವ ಪ್ರೋಗ್ರಾಮ್), 10 ಸೆಕೆಂಡು ಎಣಿಕೆ, ಆಮೇಲೆ ಅದರಷ್ಟಕ್ಕೆ ಉಬುಂಟು. ನಡುವೆ ಬಾಣದ ಕೀ ಒತ್ತಿದರೆ ಎಣಿಕೆಯೇ ನಿಂತುಬಿಡುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದಾಗಲೆಲ್ಲ ಫೋನು: “ತಮಾ, ಈಗ ಎಂತ ಒತ್ತವು?”

ಮೊದಲು ಗ್ರಬ್‌ನ ಸೆಟ್ಟಿಂಗ್ ಫೈಲಿಗೇ ಕೈ ಹಾಕಿದೆ. ಡಿಫಾಲ್ಟ್ ವಿಂಡೋಸ್, ಟೈಮ್‌ಔಟ್ (ಎಣಿಕೆಯ ಸೆಕೆಂಡು) 0 ಎಂದು ಬರೆದು ಅಪ್‌ಡೇಟ್-ಗ್ರಬ್ ಕಮಾಂಡ್ ಓಡಿಸಿದೆ. ಮತ್ತೆ ಅದೇ 10 ಸೆಕೆಂಡು! ಇನ್ನೊಂದು ಓಎಸ್ (ಆಪರೇಟಿಂಗ್ ಸಿಸ್ಟಮ್) ಕಂಡರೆ ಉಬುಂಟುವಿನ ಗ್ರಬ್ ಸೊನ್ನೆಯನ್ನು ತಾನೇ 10 ಮಾಡಿಕೊಳ್ಳುತ್ತದಂತೆ. 1 ಕೊಟ್ಟ ಮೇಲೆ ದಾರಿಗೆ ಬಂತು. ಆದರೆ ವಿಂಡೋಸನ್ನು ಸಾಲಿನ ನಂಬರಿನಿಂದ ಹೇಳಿದ್ದೆ. ಮೆನುವಿನಲ್ಲಿ ಒಂದು ಸಾಲು ಹೆಚ್ಚುಕಮ್ಮಿಯಾದರೂ ಕೆಟ್ಟಿತು, ಅಲ್ವಾ?

ಎರಡನೆಯದು ಸುಲಭ. ಎಫ್2 ಒತ್ತಿ ಯುಇಎಫ್‌ಐ (ಆನ್ ಆದೊಡನೆ ಮೊದಲು ಓಡುವ, ಮದರ್‌ಬೋರ್ಡಿನ ಸಾಫ್ಟ್‌ವೇರ್) ಸೆಟಪ್‌ಗೆ ಹೋಗಿ, ಯಾವುದು ಮೊದಲು ಶುರುವಾಗಬೇಕೆಂಬ ಬೂಟ್ ಆರ್ಡರಿನಲ್ಲಿ ವಿಂಡೋಸ್ ಬೂಟ್ ಮ್ಯಾನೇಜರನ್ನು ಮೇಲಕ್ಕೆ ತಂದೆ. ಎರಡೇ ನಿಮಿಷ. ಮೆನು ಮಾಯ, ಉಬುಂಟು ಇದ್ದಲ್ಲೇ ಇದೆ. ನನಗೆ ಬೇಕಾದಾಗ ಎಫ್12 ಒತ್ತಿ ಹೋಗುತ್ತೇನೆ. ದೀಪಾವಳಿಗೆ ಬಂದವ ಉಬುಂಟು ಅಪ್‌ಡೇಟ್ ಮಾಡಿದಾಗ ಗ್ರಬ್ ಮತ್ತೆ ತಲೆಮೇಲೆ ಕೂತಿತ್ತು, ಅಷ್ಟೇ ತಕರಾರು. ಅಪ್ಪಯ್ಯನ ಲ್ಯಾಪ್‌ಟಾಪಿಗೆ ಇದೇ ಸಾಕು.

ಮೂರನೆಯ ದಾರಿ, ಗ್ರಬ್ಬನ್ನೇ ಪೂರ್ತಿ ಕಿತ್ತುಹಾಕಿದ್ದು ಕುಮಟೆಯಲ್ಲಿ, ಭಾವನ ಅಂಗಡಿಯ ಹಳೇ ಡೆಸ್ಕ್‌ಟಾಪಿನಲ್ಲಿ. ಅದು ಯುಇಎಫ್‌ಐಗಿಂತ ಹಿಂದಿನ ಬಯಾಸ್ ಕಾಲದ್ದು. ಅವಸರದಲ್ಲಿ ವಿಂಡೋಸ್‌ನಿಂದಲೇ ಲಿನಕ್ಸ್ ಪಾರ್ಟಿಷನ್ (ಡಿಸ್ಕಿನಲ್ಲಿ ಅದಕ್ಕಿದ್ದ ಭಾಗ) ಅಳಿಸಿದೆ. ರೀಸ್ಟಾರ್ಟ್ ಮಾಡಿದರೆ ಕಪ್ಪು ಪರದೆ, ‘ಗ್ರಬ್ ರೆಸ್ಕ್ಯೂ’. ಡಿಸ್ಕಿನ ಮೊದಲ ಸೆಕ್ಟರಿನಲ್ಲಿ ಗ್ರಬ್‌ನ ತುಣುಕು ಮಾತ್ರ ಇರುವುದು, ಮೆನು ಮತ್ತು ಉಳಿದ ಸಾಮಾನೆಲ್ಲ ನಾನು ಅಳಿಸಿದ ಪಾರ್ಟಿಷನ್ನಿನಲ್ಲೇ ಇತ್ತು! ಗಿರಾಕಿಗಳು ನಿಂತಿದ್ದಾರೆ, ಭಾವ ಏನೂ ಹೇಳದೆ ಕೈಬರಹದ ಬಿಲ್ ಪುಸ್ತಕ ತೆಗೆದ. ಅದು ಜಾಸ್ತಿ ನಾಚಿಕೆ. ಕೊನೆಗೆ ವಿಂಡೋಸ್ ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವ್ ಹಾಕಿ, ರಿಪೇರಿಯಲ್ಲಿ ಕಮಾಂಡ್ ಪ್ರಾಂಪ್ಟ್ ತೆಗೆದು, ಮೊದಲ ಸೆಕ್ಟರಿನಲ್ಲಿ ವಿಂಡೋಸಿನ ಬೂಟ್ ಕೋಡ್ ಬರೆಯುವ ಬೂಟ್‌ರೆಕ್ ಫಿಕ್ಸ್‌ಎಂಬಿಆರ್ ಕೊಟ್ಟೆ. ವಿಂಡೋಸ್ ಬಂತು. ಮೊದಲು ಈ ಕಮಾಂಡ್, ವಿಂಡೋಸ್ ನೇರ ಶುರುವಾಗುವುದನ್ನು ಕಣ್ಣಾರೆ ನೋಡಿ, ಆಮೇಲೆ ಪಾರ್ಟಿಷನ್ ಅಳಿಸಬೇಕಿತ್ತು.

ಯುಇಎಫ್‌ಐ ಮಷಿನ್ನಿಗೆ ಈ ಕಮಾಂಡ್ ಉಪಯೋಗವಿಲ್ಲ. ಅಲ್ಲಿ ಬೂಟ್ ಫೈಲುಗಳಿರುವ ಇಎಫ್‌ಐ ಪಾರ್ಟಿಷನ್ನಿನ ಉಬುಂಟು ಫೋಲ್ಡರನ್ನು ಅಳಿಸಬೇಕು, ಪಕ್ಕದ ಮೈಕ್ರೋಸಾಫ್ಟ್ ಫೋಲ್ಡರನ್ನು ಮುಟ್ಟಬಾರದು. ಅಪ್ಪಯ್ಯನ ಲೆಕ್ಕ ಇರುವಲ್ಲಿ ನನಗೆ ಆ ಧೈರ್ಯ ಬರಲಿಲ್ಲ.

ಭಾವನ ಡೆಸ್ಕ್‌ಟಾಪಿಗೆ ಇನ್ನೊಂದು ಕೆಲಸ ಮಾಡಿದೆ. ಬಯಾಸ್‌ನಲ್ಲಿ, ಕರೆಂಟು ಬಂದೊಡನೆ ಆನ್ ಆಗುವ ಸೆಟ್ಟಿಂಗ್ ಹಾಕಿದೆ. ಈಗ ಬಟನ್ ಕೂಡ ಒತ್ತುವುದು ಬೇಡ.