ಹೊಟ್ಟೆಗೆ ಹಗುರಾದ ಪ್ರೋಟೀನ್ ಪುಡಿ: ಒಂದು ಮಳೆಗಾಲ, ನಾಲ್ಕು ಡಬ್ಬಿ

ತೀರ್ಥಹಳ್ಳಿ ಹತ್ತಿರದ ತವರುಮನೆಯಲ್ಲಿ ಮೆಟ್ಟಿಲು ತಪ್ಪಿ ಬಿದ್ದು ಬಲಗಾಲು ಮುರಿದುಕೊಂಡೆ. ಆರು ವಾರ ಪ್ಲಾಸ್ಟರ್. ಬಿಚ್ಚಿದಾಗ ಬಲತೊಡೆ ಎಷ್ಟು ಸಣ್ಣಗಾಗಿತ್ತೆಂದರೆ ನೋಡಿ ಅಳು ಬಂತು. ವ್ಯಾಯಾಮ ಹೇಳಿಕೊಟ್ಟ ಫಿಸಿಯೋಥೆರಪಿಸ್ಟ್ ಮೊದಲು ಕೇಳಿದ್ದು ಊಟದ ಬಗ್ಗೆ. ಬೆಳಿಗ್ಗೆ ಕಡುಬು ಇಲ್ಲವೇ ಅಕ್ಕಿರೊಟ್ಟಿ, ಮಧ್ಯಾಹ್ನ ಅನ್ನ, ತಂಬುಳಿ, ರಾತ್ರಿ ಅನ್ನ, ತಿಳಿಸಾರು ಎಂದೆ. "ಇದರಲ್ಲಿ ಪ್ರೋಟೀನ್ ಎಲ್ಲಿದೆ ಮೇಡಂ?" ಎಂದರು.

ಮನೆಗೆ ಬಂದು ಲೆಕ್ಕ ಹಾಕಿದೆ. ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, 2020ರಲ್ಲಿ ಕೊಟ್ಟ ಲೆಕ್ಕದಂತೆ ದೊಡ್ಡವರಿಗೆ ದಿನಕ್ಕೆ ಒಂದು ಕೆಜಿ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ನನ್ನ ತೂಕ 58 ಕೆಜಿ, ಅಂದರೆ ಸುಮಾರು 48 ಗ್ರಾಂ. ನನ್ನ ತಟ್ಟೆಯಲ್ಲಿ 35 ಸಿಕ್ಕರೆ ಹೆಚ್ಚು. ಅದೇ ಸಂಸ್ಥೆ 2024ರಲ್ಲಿ ತಂದ ಆಹಾರ ಮಾರ್ಗಸೂಚಿ ಪ್ರೋಟೀನ್ ಪುಡಿ ಬೇಡ, ಊಟದಿಂದಲೇ ಪಡೆಯಿರಿ ಎನ್ನುತ್ತದೆ. ಆ ಮಾತನ್ನು ನಾನೂ ಒಪ್ಪುತ್ತೇನೆ. ಆದರೆ ಕಾಲಿಗೆ ಬಲ ಬರುವ ತನಕ ಒಂದು ಆಸರೆ ಬೇಕಿತ್ತು. ಡಾಕ್ಟರ ಹತ್ತಿರ ಕಿಡ್ನಿ ಪರೀಕ್ಷೆ ಮಾಡಿಸಿಕೊಂಡು, ಅವರು ಸರಿ ಎಂದ ಮೇಲೆಯೇ ಶುರು ಮಾಡಿದೆ.

ಮೊದಲ ಡಬ್ಬಿ ವೇ ಕಾನ್ಸಂಟ್ರೇಟ್. ವೇ ಎಂದರೆ ಹಾಲೊಡಕು. ಪನೀರ್ ಮಾಡಲು ಹಾಲಿಗೆ ನಿಂಬೆಹುಳಿ ಹಿಂಡಿದಾಗ ಹಸಿರು ಮಿಶ್ರಿತ ಹಳದಿ ನೀರು ಉಳಿಯುತ್ತದಲ್ಲ, ಅದೇ. ಚೀಸ್ ಮಾಡುವಾಗ ಉಳಿಯುವ ಆ ನೀರನ್ನು ಸೋಸಿ ಒಣಗಿಸಿದ ಪುಡಿ. ಅಂಗಡಿಯವರು "ದಿನಾ ಎರಡು ಸ್ಕೂಪ್, ಹಾಲಿಗೆ ಹಾಕಿ ಕುಡೀರಿ" ಎಂದರು. ಸ್ಕೂಪ್ ಎಂದರೆ ಡಬ್ಬಿಯೊಳಗೇ ಬರುವ ಅಳತೆ ಚಮಚ. ಹಾಗೇ ಮಾಡಿದೆ. ಅರ್ಧ ಗಂಟೆಗೆ ಹೊಟ್ಟೆ ಗುಡುಗುಡು. ಮಧ್ಯಾಹ್ನದ ಹೊತ್ತಿಗೆ ಸೀರೆಯ ನೆರಿಗೆ ಸಡಿಲ ಮಾಡಿಕೊಳ್ಳುವಷ್ಟು ಉಬ್ಬರ. ನಾಲ್ಕನೇ ದಿನ ಭೇದಿಯೂ ಆಯಿತು. ಪ್ರೋಟೀನ್ ನನಗೆ ಆಗಿಬರುವುದಿಲ್ಲ ಅಂದುಕೊಂಡು ಡಬ್ಬಿ ಮುಚ್ಚಿಟ್ಟೆ.

ಆಮೇಲೆ ಲೇಬಲ್ ಓದುತ್ತಾ ಕೂತಾಗ ವಿಷಯ ಗೊತ್ತಾಯಿತು. ಹಾಲಿನ ಸಕ್ಕರೆಗೆ ಲ್ಯಾಕ್ಟೋಸ್ ಎನ್ನುತ್ತಾರೆ. ಅದನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವ ವಯಸ್ಸಾಗುತ್ತಾ ಬಹಳ ಜನರಲ್ಲಿ ಕಮ್ಮಿಯಾಗುತ್ತದೆ. ಒಡೆಯದ ಲ್ಯಾಕ್ಟೋಸ್ ದೊಡ್ಡ ಕರುಳಿಗೆ ಇಳಿದು, ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುಳಿ ಬರಿಸುತ್ತವೆ. ಗ್ಯಾಸ್ ಹುಟ್ಟುವುದು ಅಲ್ಲಿ. ಕಾನ್ಸಂಟ್ರೇಟ್‌ನ ಒಂದು ಸ್ಕೂಪಿನಲ್ಲಿ ಲ್ಯಾಕ್ಟೋಸ್ ಇರುವುದು ಒಂದೆರಡು ಗ್ರಾಂ. ಒಂದು ದೊಡ್ಡ ಲೋಟ ಹಾಲಿನಲ್ಲಿ, ಅಂದರೆ 250 ಎಂಎಲ್‌ನಲ್ಲಿ, ಸುಮಾರು 12 ಗ್ರಾಂ! ಪುಡಿಗಿಂತ ಜಾಸ್ತಿ ಕಷ್ಟ ಕೊಟ್ಟದ್ದು ಹಾಲು. ಇದನ್ನು ಅಂಗಡಿಯವರು ಹೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಹಾಗಾಗಿ ಎಲ್ಲ ಮೊದಲಿನಿಂದ ಶುರು ಮಾಡಿದೆ. ಒಂದೊಂದು ಪುಡಿ ಹತ್ತು ದಿನ, ನಡುವೆ ನಾಲ್ಕು ದಿನ ಬಿಡುವು. ಬೆಳಿಗ್ಗೆ ಹನ್ನೊಂದಕ್ಕೆ, ತಿಂಡಿ ಇಳಿದ ಮೇಲೆ, ತಣ್ಣೀರಿನಲ್ಲಿ. ಮೊದಲ ಮೂರು ದಿನ ಅರ್ಧ ಸ್ಕೂಪ್ ಮಾತ್ರ. ಹೊಟ್ಟೆ ಹೇಗಿತ್ತು ಎಂದು ಅಡುಗೆಮನೆಯ ಕ್ಯಾಲೆಂಡರಿನಲ್ಲೇ ಬರೆದಿಟ್ಟೆ.

ಅದೇ ಕಾನ್ಸಂಟ್ರೇಟ್ ನೀರಿನಲ್ಲಿ ಕುಡಿದಾಗ ಭೇದಿ ಆಗಲಿಲ್ಲ. ಅರ್ಧ ಸ್ಕೂಪಿಗೆ ಏನೂ ಇಲ್ಲ, ಪೂರ್ತಿ ಸ್ಕೂಪಿಗೆ ಸ್ವಲ್ಪ ಉಬ್ಬರ. ಹಾಲು ಸಲೀಸಾಗಿ ಆಗಿಬರುವವರು ದುಡ್ಡು ಜಾಸ್ತಿ ಕೊಟ್ಟು ಬೇರೆಯದಕ್ಕೆ ಹೋಗಬೇಕಿಲ್ಲ, ಇದೇ ಸಾಕು.

ಎರಡನೆಯದು ವೇ ಐಸೋಲೇಟ್. ಇದನ್ನು ಇನ್ನೂ ಸಣ್ಣಗೆ ಸೋಸಿರುತ್ತಾರೆ. ಪ್ರೋಟೀನ್ ಶೇಕಡಾ 90ರ ಆಸುಪಾಸು, ಲ್ಯಾಕ್ಟೋಸ್ ಸಾಮಾನ್ಯವಾಗಿ ಶೇಕಡಾ 1ಕ್ಕಿಂತ ಕಮ್ಮಿ. ಬೆಲೆ ಕಾನ್ಸಂಟ್ರೇಟ್‌ಗಿಂತ ಹೆಚ್ಚುಕಡಿಮೆ ಒಂದೂವರೆ ಪಟ್ಟು. ಮೊದಲು ಚಾಕೊಲೇಟ್ ರುಚಿಯದನ್ನು ತಂದೆ. ಲ್ಯಾಕ್ಟೋಸ್ ಇಲ್ಲದಿದ್ದರೂ ಸಂಜೆ ಹೊಟ್ಟೆ ಬಿಗಿದುಕೊಳ್ಳುತ್ತಿತ್ತು. ಲೇಬಲ್ ತಿರುಗಿಸಿದರೆ ಸಿಹಿಗೆ ಸುಕ್ರಲೋಸ್, ಮಂದ ಬರಿಸಲು ಕ್ಸಾಂಥನ್ ಗಮ್, ಜೊತೆಗೆ ಇನ್ಯುಲಿನ್. ಇನ್ಯುಲಿನ್ ಒಂದು ಬಗೆಯ ನಾರು, ಅದೂ ದೊಡ್ಡ ಕರುಳಿನಲ್ಲಿ ಹುಳಿ ಬರುವಂಥದ್ದೇ. ಅದೇ ಕಂಪನಿಯ ರುಚಿ ಸೇರಿಸದ ಪುಡಿ ತರಿಸಿದೆ. ಪದಾರ್ಥಗಳ ಪಟ್ಟಿಯಲ್ಲಿ ಎರಡೇ ಹೆಸರು: ವೇ ಐಸೋಲೇಟ್ ಮತ್ತು ಪುಡಿ ನೀರಿನಲ್ಲಿ ಬೆರೆಯಲು ಹಾಕುವ ಲೆಸಿಥಿನ್. ಆ ಹತ್ತು ದಿನವೂ ಕ್ಯಾಲೆಂಡರಿನಲ್ಲಿ "ಏನಿಲ್ಲ, ಏನಿಲ್ಲ" ಎಂದೇ ಬರೆದಿದ್ದೇನೆ.

ರುಚಿ ಮಾತ್ರ ಸಪ್ಪೆ, ಹಾಲಿನಪುಡಿಯ ವಾಸನೆ. ಸುಮ್ನೆ ಒಂದು ದಿನ ಮಜ್ಜಿಗೆಗೆ ಹಾಕಿ ನೋಡಿದೆ. ಕಡೆದ ನೀರುಮಜ್ಜಿಗೆ, ಉಪ್ಪು, ಜಜ್ಜಿದ ಶುಂಠಿ, ಕರಿಬೇವು. ಪುಡಿಯನ್ನು ಮೊದಲು ಎರಡು ಚಮಚ ನೀರಿನಲ್ಲಿ ಕಲಸಿ, ಆಮೇಲೆ ಮಜ್ಜಿಗೆ ಸುರಿದರೆ ಗಂಟು ಬರುವುದಿಲ್ಲ. ಶೇಕರಿನಲ್ಲಿ ಜೋರಾಗಿ ಅಲ್ಲಾಡಿಸಿದರೆ ಮೇಲೆ ಎರಡು ಬೆರಳು ನೊರೆ ನಿಲ್ಲುತ್ತದೆ. ಆ ನೊರೆ ಕುಡಿದರೆ ಗಾಳಿಯೂ ಒಳಗೆ ಹೋಗುತ್ತದೆ, ತೇಗು ಬರುತ್ತದೆ. ಐದು ನಿಮಿಷ ಬಿಟ್ಟು ಕುಡಿಯಬೇಕು. ಬಿಸಿಗೆ ಮಾತ್ರ ಹಾಕಬೇಡಿ. ಸತ್ವ ಹೋಗುತ್ತದೆಂದಲ್ಲ, ಒಡೆದ ಹಾಲಿನ ಹಾಗೆ ಗಂಟುಗಂಟಾಗುತ್ತದೆ.

ಒಂದು ಎಚ್ಚರ. ಹಾಲು ಜೀರ್ಣವಾಗದಿರುವುದು ಬೇರೆ, ಹಾಲಿನ ಅಲರ್ಜಿ ಬೇರೆ. ಹಾಲು ಸೋಕಿದರೆ ಮೈಮೇಲೆ ದದ್ದು ಏಳುವವರು, ಉಸಿರು ಕಟ್ಟುವವರು ಐಸೋಲೇಟನ್ನೂ ಮುಟ್ಟಬಾರದು.

ಅಂಥವರಿಗೆ ಮೂರನೆಯದು, ಬಟಾಣಿ ಪ್ರೋಟೀನ್. ಹಳದಿ ಬಟಾಣಿಯಿಂದ ತೆಗೆದ ಪುಡಿ, ಲ್ಯಾಕ್ಟೋಸ್ ಪ್ರಶ್ನೆಯೇ ಇಲ್ಲ. ಉಬ್ಬರ ಬರಲಿಲ್ಲ. ಆದರೆ ಹನ್ನೊಂದಕ್ಕೆ ಕುಡಿದದ್ದು ಎರಡು ಗಂಟೆಯಾದರೂ ಹೊಟ್ಟೆಯಲ್ಲಿ ಕೂತ ಹಾಗೆ ಭಾರ, ತೇಗಿದರೆ ಹಸಿಕಾಳಿನ ವಾಸನೆ. ಲೋಟದ ತಳದಲ್ಲಿ ಸಣ್ಣ ಮರಳಿನಂತೆ ನಿಲ್ಲುತ್ತದೆ, ಕೊನೆಯ ಗುಟುಕು ನನಗೆ ಸೇರಲಿಲ್ಲ. ಇದನ್ನು ಕುಡಿಯುವುದಕ್ಕಿಂತ ಅಕ್ಕಿರೊಟ್ಟಿಗೆ ಸೇರಿಸಿದ್ದು ಚೆನ್ನಾಯಿತು. ನಾಲ್ಕು ರೊಟ್ಟಿಯ ಹಿಟ್ಟಿಗೆ ಒಂದು ಸ್ಕೂಪ್. ಬಿಸಿನೀರು ಸ್ವಲ್ಪ ಹೆಚ್ಚು ಬೇಕು, ಇಲ್ಲದಿದ್ದರೆ ತಟ್ಟುವಾಗ ಅಂಚು ಬಿರುಕು ಬಿಡುತ್ತದೆ. ಪ್ರೋಟೀನ್ ಕಟ್ಟುವ ಅಮೈನೋ ಆಮ್ಲಗಳಲ್ಲಿ, ಅಕ್ಕಿಯಲ್ಲಿ ಲೈಸಿನ್ ಕಮ್ಮಿ, ಬಟಾಣಿಯಲ್ಲಿ ಮೆಥಿಯೋನಿನ್ ಕಮ್ಮಿ. ಎರಡೂ ಸೇರಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಸೋಯಾ ಪುಡಿಯನ್ನು ನಾನು ನೋಡಲಿಲ್ಲ. ಸೋಯಾ ತಿಂದಾಗಲೆಲ್ಲ ನನಗೆ ಹುಳಿತೇಗು.

ನಾಲ್ಕನೆಯದು ಅಮ್ಮನದು. ಡಬ್ಬಿಗಳ ಸಾಲು ನೋಡಿ "ಹುರಿಗಡಲೆ ಹಿಟ್ಟು ಇರೋವಾಗ ಇದೆಲ್ಲ ಎಂತಕ್ಕೆ ಮಾರಾಯ್ತಿ?" ಎಂದರು. ಗಾಂಧಿ ಬಜಾರಿನಿಂದ ಹುರಿಗಡಲೆ ತಂದು, ಜೀರಿಗೆ ಸೇರಿಸಿ ಪುಡಿ ಮಾಡಿಕೊಟ್ಟರು. ಮಜ್ಜಿಗೆಯಲ್ಲಿ ಎರಡು ದೊಡ್ಡ ಚಮಚ. ರುಚಿಯಲ್ಲಿ ನಾಲ್ಕರಲ್ಲಿ ಇದೇ ಮೊದಲು. ಹೊಟ್ಟೆಗೂ ಹಿತ, ಖರ್ಚೂ ಕಮ್ಮಿ. ಆದರೆ 100 ಗ್ರಾಂ ಹುರಿಗಡಲೆಯಲ್ಲಿ ಪ್ರೋಟೀನ್ ಸುಮಾರು 20 ಗ್ರಾಂ ಮಾತ್ರ. ಐಸೋಲೇಟ್‌ನ ಒಂದು ಸ್ಕೂಪಿನಷ್ಟು ಬೇಕೆಂದರೆ ಬಟ್ಟಲು ತುಂಬ ಹಿಟ್ಟು ತಿನ್ನಬೇಕು. ಒಂದು ದಿನ ಅಷ್ಟು ತಿಂದೂ ನೋಡಿದೆ. ರಾತ್ರಿ ನಿದ್ದೆ ಇಲ್ಲ, ಅಷ್ಟು ಗ್ಯಾಸ್. ಎರಡು ಚಮಚಕ್ಕೆ ನಿಲ್ಲಿಸಿದರೆ ಇದಕ್ಕಿಂತ ಒಳ್ಳೆಯದಿಲ್ಲ.

ಕಾಲಿನ ವ್ಯಾಯಾಮ ಜೋರಾಗಿ ನಡೆದ ಮೂರು ತಿಂಗಳು ರುಚಿ ಸೇರಿಸದ ಐಸೋಲೇಟ್ ದಿನಕ್ಕೆ ಒಂದೇ ಸ್ಕೂಪ್ ತೆಗೆದುಕೊಂಡೆ. ಈಗ ಮೆಟ್ಟಿಲು ಹತ್ತುತ್ತೇನೆ. ಡಬ್ಬಿ ಮುಗಿದ ಮೇಲೆ ಮತ್ತೆ ತರಲಿಲ್ಲ. ಊಟಕ್ಕೆ ಹೆಸರುಕಾಳು, ಹುರುಳಿ ಸಾರು ಸೇರಿವೆ. ಹನ್ನೊಂದು ಗಂಟೆಗೆ ಅಮ್ಮನ ಹಿಟ್ಟು.

ನಮ್ಮ ಕಡೆಯವರು ಕೊಳ್ಳುವುದಾದರೆ ಇನ್ನೊಂದು ಮಾತು. ಮಳೆಗಾಲದಲ್ಲಿ ಎರಡು ಕೆಜಿ ಡಬ್ಬಿ ಅಗ್ಗ ಎಂದು ತರಬೇಡಿ. ಆಷಾಢದ ಥಂಡಿಗೆ ನನ್ನ ಮೊದಲ ಡಬ್ಬಿ ತಿಂಗಳೊಳಗೆ ಗಟ್ಟಿಯಾಗಿ, ಮುಗ್ಗಲು ವಾಸನೆ ಬಂತು. ಅರ್ಧ ಕೆಜಿಯದು ತನ್ನಿ. ಒಣ ಚಮಚ ಬಳಸಿ, ಒಳಗಿನ ಸಣ್ಣ ಸಿಲಿಕಾ ಪೊಟ್ಟಣ ಎಸೆಯಬೇಡಿ. ಮುಗ್ಗಲು ಬಂದ ಪುಡಿಯನ್ನು ಬಿಸಿಲಿಗಿಟ್ಟು ಮತ್ತೆ ಕುಡಿಯುವ ಆಸೆ ಬೇಡ, ಚೆಲ್ಲಿಬಿಡಿ.